ಮೋಟಾರಿನ ಸಾ, ಟೈಮ್‌ಟೇಬಲ್ಲಿನ ಕೆಂಪು ಗೆರೆ

ಆ ಕಾಲ ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಮೋಟಾರಿನ ಸದ್ದು. ಪಾಂಡವಪುರದ ಹೊರಗೆ, ರೈಲ್ವೆ ಸ್ಟೇಷನ್ನಿನ ದಾರಿಯಲ್ಲಿ ನಮ್ಮ ಮನೆ. ಕಾಂಪೌಂಡಿನ ಆಚೆ ಕಬ್ಬಿನ ಗದ್ದೆ, ಗದ್ದೆಯ ಮೂಲೆಯಲ್ಲಿ ಬಾವಿ, ಬಾವಿಯ ಪಕ್ಕ ಹೆಂಚಿನ ಶೆಡ್ಡಿನಲ್ಲಿ ಪಂಪ್‌ಸೆಟ್ಟು. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಅದು ಗಂಟಲು ಸರಿಮಾಡಿಕೊಳ್ಳುವವರಂತೆ ಒಮ್ಮೆ ಕೆಮ್ಮಿ, ಆಮೇಲೆ ‘ಮ್ಮ್‌’ ಎಂದು ಒಂದೇ ಸಮನೆ ಗುನುಗುತ್ತಿತ್ತು. ತೊಂಬತ್ತರ ದಶಕದ ಶುರುವಿನಲ್ಲಿ, ಯಜಮಾನರು ರಿಟೈರ್ ಆಗಿ ನಾವು ಅಲ್ಲಿಗೆ ಬಂದ ಹೊಸತರಲ್ಲಿ, ನನಗದು ಬರೀ ನ್ಯೂಸೆನ್ಸ್. ಒಂದು ಬೆಳಿಗ್ಗೆ ಆ ಸದ್ದಿನ ಮೇಲೆ ಇನ್ನೊಂದು ದನಿ ಕೂತಂತೆ ಕೇಳಿಸಿತು. ಹೋಗಿ ನೋಡಿದರೆ ಶೆಡ್ಡಿನ ಗೋಡೆಗೆ ಒರಗಿಕೊಂಡು, ಕಣ್ಣು ಮುಚ್ಚಿ, ಹದಿಮೂರು ವರ್ಷದ ಹುಡುಗಿಯೊಬ್ಬಳು ಹಾಡುತ್ತಿದ್ದಳು.

“ಇಲ್ಲಿ ಯಾಕಮ್ಮ ಹಾಡ್ತಿದೀಯ, ಈ ಗಲಾಟೇಲಿ?” ಅಂದೆ.

“ಮೋಟ್ರು ಸಾ ಕೊಡ್ತದೆ ಅಮ್ಮಾರೆ. ಮನೇಲಿ ಯಾರೂ ಕೊಡಾಕಿಲ್ಲ,” ಅಂದಳು.

ಗದ್ದೆಯವರ ಮಗಳು. ಏಳನೇ ಕ್ಲಾಸು ಮುಗಿಯುವ ಹೊತ್ತಿಗೆ ಕೀಲುಗಳು ಊದಿಕೊಂಡು ಜ್ವರ ಬಂದು, ಅದು ಹೃದಯವನ್ನೂ ಸ್ವಲ್ಪ ಮುಟ್ಟಿ ಹೋಗಿತ್ತು. ನಾಗಮಂಗಲದ ಕಡೆಯ ಆಸ್ಪತ್ರೆಯ ಡಾಕ್ಟರು ಮೂರು ವಾರಕ್ಕೊಂದು ಇಂಜೆಕ್ಷನ್ ಬರೆದು, ದೂರ ನಡೆಸಬೇಡಿ ಎಂದಿದ್ದರು. ಅವರ ಊರಿನಿಂದ ಹೈಸ್ಕೂಲಿಗೆ ಮೂರು ಮೈಲಿ ನಡಿಗೆ. ಹಾಗಾಗಿ ಹೈಸ್ಕೂಲಿಗೆ ಸೇರಲೇ ಇಲ್ಲ. ರೇಡಿಯೋ ಕೇಳಿ, ಊರಿನ ಭಜನೆ ಮನೆಯಲ್ಲಿ ಕೂತು ಕಲಿತ ಹಾಡುಗಳನ್ನು ಮೋಟಾರಿನ ಜೊತೆ ಹಾಡಿಕೊಂಡಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ: ಕಾಲೇಜಿಗೆ ಹೋಗಿ ಸಂಗೀತ ಕಲಿಯುವುದು. ಮೈಸೂರಿನಲ್ಲಿ ಹುಡುಗಿಯರ ಕಾಲೇಜೊಂದರಲ್ಲಿ ಸಂಗೀತವನ್ನು ಒಂದು ಸಬ್ಜೆಕ್ಟ್ ಆಗಿ ತೆಗೆದುಕೊಳ್ಳಬಹುದು ಎಂದು ಯಾರಿಂದಲೋ ತಿಳಿದುಕೊಂಡಿದ್ದಳು. ಆದರೆ ಅಲ್ಲಿಗೆ ಕಾಲಿಡಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು.

ನಾನು ಟೀಚರ್ ಅಲ್ಲ. ಮೈಸೂರಿನ ಕಾನ್ವೆಂಟ್‌ನಲ್ಲಿ ಓದಿದವಳು, ಅಷ್ಟೇ. ಸಿಸ್ಟರ್ ಒಬ್ಬರು ಪಿಯಾನೋದ ಮುಂದೆ ಕೂರಿಸಿ ಬೆರಳಿನ ಗಿಣ್ಣಿಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದ್ದು, ಮದುವೆಯಾದ ಮೇಲೆ ನಾನು ಪಿಯಾನೋ ಮುಟ್ಟದೇ ಹೋದದ್ದು, ಇವೆಲ್ಲ ಆ ಶೆಡ್ಡಿನ ಮುಂದೆ ನಿಂತಾಗ ಒಟ್ಟಿಗೆ ನೆನಪಾದವು. ಆ ಸಂಜೆಯೇ ಅವಳ ಅಪ್ಪನನ್ನು ಕರೆಸಿದೆ. ಮನೆಯಲ್ಲೇ ಓದಿಸಿ, ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಿಸೋಣ ಎಂದೆ. ಅವರು ಟವೆಲ್ಲನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿಕೊಂಡು ಯೋಚಿಸಿದರು.

“ಮೂರು ವರ್ಸ ತಾನೆ? ಓದ್ಲಿ. ಮನೇಲಿ ಕುಂತಿರೋದ್ಕಿಂತ ಮೇಲು. ಆದ್ರೆ ಒಂದ್ಸತಿ ಕಟ್ತೀನಿ ಪರೀಕ್ಸೆಗೆ. ಫೇಲಾದ್ರೆ ನೀವೂ ಅವ್ಳೂ ಇಬ್ರೂ ಸುಮ್ಕಾಗ್ಬುಡ್ಬೇಕು. ಮತ್ತೆ ಕಾಲೇಜು, ಸಂಗೀತ ಅನ್ಕೂಡ್ದು.”

ಒಪ್ಪಿಕೊಂಡೆ. ಹಳೆ ಕ್ಯಾಲೆಂಡರಿನ ಹಿಂಬದಿಗೆ, ಸಿಸ್ಟರ್‌ಗಳು ಹಾಕುತ್ತಿದ್ದ ಹಾಗೆಯೇ, ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಮೂರು ವರ್ಷದ ಪ್ಲಾನ್ ಹಾಕಿದೆ. ಕನ್ನಡ, ಇಂಗ್ಲಿಷ್, ಹಿಂದಿ, ವಿಜ್ಞಾನ, ಸಮಾಜ. ಸಂಗೀತಕ್ಕೆ ಮಾತ್ರ ಗಂಟೆ ಹಾಕಲು ಬರಲಿಲ್ಲ. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ. ಸಂಗೀತದ ಚೌಕದಲ್ಲಿ ‘ಕರೆಂಟ್ ಬಂದಾಗ’ ಎಂದು ಬರೆದೆ. ನಮ್ಮ ಸಿಸ್ಟರ್ ಅದನ್ನು ನೋಡಿದ್ದರೆ ಮಂಡಿಯೂರಿಸಿ ನಿಲ್ಲಿಸುತ್ತಿದ್ದರು.

ಗಣಿತ ಪ್ಲಾನಿನಲ್ಲಿ ಇರಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟಿದ್ದೆ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಗಣಿತದ ಬದಲು ಸಂಗೀತ ತಗೋಬಹುದಿತ್ತು. ನಾನು ಹಾಗೇ ಪಾಸಾದವಳು. ಸಂಗೀತ ಓದಬೇಕು ಅನ್ನುವ ಹುಡುಗಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ಬೇಕೆ ಎಂದು ಹೆಮ್ಮೆಯಿಂದಲೇ ಆ ಜಾಗ ತುಂಬಿಸಿದ್ದೆ.

ಸಂಗೀತಕ್ಕೆ ಶ್ರೀರಂಗಪಟ್ಟಣದ ಕೋಟೆಯೊಳಗೆ ಒಬ್ಬ ವಯಸ್ಸಾದ ಮೇಷ್ಟ್ರು ಸಿಕ್ಕಿದರು. ಪ್ರತಿ ಶನಿವಾರ ಪ್ಯಾಸೆಂಜರ್ ಟ್ರೈನಿನಲ್ಲಿ ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಮೊದಲನೇ ದಿನವೇ ಮೇಷ್ಟ್ರು ಶ್ರುತಿಪೆಟ್ಟಿಗೆ ಒತ್ತಿ, ಹೆಣ್ಣು ದನಿಗೆ ಸಾಮಾನ್ಯವಾಗಿ ಹೊಂದುವ ಐದು ಮನೆ ಶ್ರುತಿ ಕೊಟ್ಟರು. ಇವಳು ಅದಕ್ಕಿಂತ ಸ್ವಲ್ಪ ಮೇಲೆ ನಿಂತಳು. ಅದರ ಮೇಲಿನ ಐದೂವರೆ ಕೊಟ್ಟರು. ಸ್ವಲ್ಪ ಕೆಳಗೆ ನಿಂತಳು. ಮೇಷ್ಟ್ರು ಮತ್ತೆ ಮತ್ತೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

“ಇದೇನ್ರೀ ಇದು? ಅಪಶ್ರುತಿ ಅಲ್ಲ, ನಿಂತ ಕಡೆ ಕಂಬದ ಹಾಗೆ ನಿಲ್ತಾಳೆ. ಆದ್ರೆ ಎರಡು ರೀಡಿನ ಮಧ್ಯೆ ನಿಲ್ತಾಳೆ. ಯಾರು ಹೇಳಿಕೊಟ್ಟದ್ದು ಇವಳಿಗೆ?”

“ನಮ್ಮ ಮೋಟ್ರು ಸಾ,” ಅಂದಳು ಹುಡುಗಿ.

ಮೇಷ್ಟ್ರು ನಕ್ಕರು. ಗವಸು ಹಾಕಿ ಗೋಡೆಗೆ ತೂಗುಹಾಕಿದ್ದ ತಂಬೂರಿ ಇಳಿಸಿ, ಅವಳ ದನಿಗೆ ಸರಿಯಾಗಿ ತಂತಿ ಬಿಗಿದು ಪಾಠ ಶುರುಮಾಡಿದರು. “ನನ್ನ ಹತ್ತಿರ ಸರಿ. ನಾಳೆ ಕಾಲೇಜಲ್ಲಿ ಹಾಡಿಸಿ ನೋಡ್ತಾರಲ್ಲ, ಅಲ್ಲಿ ನಿನಗೋಸ್ಕರ ಯಾರು ತಂಬೂರಿ ಇಳಿಸ್ತಾರೆ?” ಎಂದು ಪ್ರತಿ ಶನಿವಾರವೂ ಕೇಳುತ್ತಿದ್ದರು.

ಎರಡು ವರ್ಷ ಹೀಗೆ ಕಳೆಯಿತು. ಮೂರನೇ ವರ್ಷ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಅರ್ಜಿಯ ವಿಚಾರ ತಿಳಿದುಕೊಳ್ಳೋಣ ಎಂದು ಶಿಕ್ಷಣ ಇಲಾಖೆಯ ಆಫೀಸಿಗೆ ಹೋದೆ. ನನ್ನ ಕ್ಯಾಲೆಂಡರ್ ಸುರುಳಿಯನ್ನೂ ತೆಗೆದುಕೊಂಡು ಹೋಗಿದ್ದೆ. ಗುಮಾಸ್ತರು ಅದನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಫೈಲು ಇಟ್ಟು, ಬೆರಳಿಟ್ಟು ಓದಿದರು.

“ಚೆನ್ನಾಗಿ ಬರ್ದಿದೀರಮ್ಮ. ಗಣಿತ ಎಲ್ಲಿ?”

“ಅದರ ಬದಲು ಸಂಗೀತ.”

“ಬದಲು ಗಿದಲು ಏನೂ ಇಲ್ಲ ಕಣಮ್ಮ. ಗಣಿತ ಬರೀಲೇಬೇಕು. ಯಾರು ಹೇಳಿದ್ರು ನಿಮಗೆ?”

ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿರಲಿಲ್ಲ. ನಲವತ್ತು ವರ್ಷದ ಹಿಂದಿನ ನನ್ನ ಶಾಲೆ ಇನ್ನೂ ಹಾಗೇ ನಡೆಯುತ್ತಿದೆ ಎಂದುಕೊಂಡು ಒಂದು ಹುಡುಗಿಯ ಎರಡು ವರ್ಷ ಕಳೆದಿದ್ದೆ. ಆಫೀಸಿನಿಂದ ಮನೆಗೆ ಹೋಗದೆ ನೇರ ಗದ್ದೆಗೆ ಹೋದೆ. ಅಪ್ಪ ಬದುವಿನ ಮೇಲೆ ಕೂತಿದ್ದರು, ಮಗಳು ಪಕ್ಕದಲ್ಲಿ. ಇಬ್ಬರ ಮುಂದೆಯೇ ಹೇಳಿದೆ: ತಪ್ಪು ನನ್ನದು, ಇನ್ನು ಹತ್ತು ತಿಂಗಳಿದೆ, ಮೂರು ವರ್ಷದ ಗಣಿತ ಓದಬೇಕು.

“ಅದ್ಕೇನು, ನೀವೇ ಹೇಳ್ಕೊಡಿ,” ಅಂದರು ಅಪ್ಪ.

“ನನಗೆ ಬರಲ್ಲ.”

“ಕಾನ್ವೆಂಟಲ್ಲಿ ಓದಿವ್ನಿ ಅಂತೀರಿ.”

“ಅಲ್ಲೇ ಬಿಟ್ಟಿದ್ದು.”

ಅವರು ಮಗಳ ಕಡೆ ತಿರುಗಿ ಹೇಳಿದರು: “ನೋಡವ್ವ, ನಿನ್ಗೊಬ್ಳು ಜೊತೆಗಾತಿ ಸಿಕ್ಕವ್ಳೆ. ಇಬ್ರೂ ಒಂದೇ ಕ್ಲಾಸು.” ಒಂದು ಸಲ ಅಂದರೆ ಒಂದೇ ಸಲ ಎಂಬ ಮಾತನ್ನು ಮಾತ್ರ ಸಡಿಲಿಸಲಿಲ್ಲ.

ಹುಡುಗಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈಯಿಂದ ಕ್ಯಾಲೆಂಡರ್ ತಗೊಂಡು, “ಹಿಂದಿಯಿಂದ ಒಂದು ಗಂಟೆ ಕೀಳ್ಬೋದು ಅಮ್ಮಾರೆ, ಸಮಾಜದಿಂದ ಒಂದು. ಸಂಗೀತ ಮುಟ್ಟಬ್ಯಾಡಿ,” ಅಂದಳು.

ಮಾರನೇ ದಿನವೇ ಎಂಟನೇ ಕ್ಲಾಸಿನ ಗಣಿತದ ಪುಸ್ತಕ ತಂದು, ನಾನೂ ಅವಳೂ ಮೊದಲನೇ ಪುಟದಿಂದ ಶುರುಮಾಡಿದೆವು. ನನಗೆ ಐವತ್ತೆಂಟು, ಅವಳಿಗೆ ಹದಿನೈದು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ನೆಂಟರ ಮದುವೆಗೆ ಹೋಗಲಿಲ್ಲ, ಕೆ.ಆರ್. ಪೇಟೆಯ ಅಕ್ಕನ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಅಕ್ಕ ಒಂದು ವರ್ಷ ಮಾತು ಬಿಟ್ಟಿದ್ದಳು. ಲಘುತಮ ಸಾಮಾನ್ಯ ಅಪವರ್ತ್ಯ ಎಂಬುದು ನನ್ನ ತಲೆಗೆ ಹತ್ತಲೇ ಇಲ್ಲ. ಅವಳು ಒಂದು ಕೈಯಲ್ಲಿ ಮೂರು ಮೂರಾಗಿ, ಇನ್ನೊಂದರಲ್ಲಿ ನಾಲ್ಕು ನಾಲ್ಕಾಗಿ ತೊಡೆಯ ಮೇಲೆ ತಟ್ಟಿ, “ಎರಡೂ ಹನ್ನೆರಡಾದ್ಮೇಲೆ ಒಟ್ಗೆ ಬೀಳ್ತವೆ, ಅಷ್ಟೇಯ,” ಎಂದು ತೋರಿಸಿದಳು. ಪ್ರಮೇಯಗಳನ್ನು ಸಂಗೀತದ ವರ್ಣ ಬಾಯಿಪಾಠ ಮಾಡಿದ ಹಾಗೆ ಮಾಡಿದಳು. ವಿಸ್ತೀರ್ಣಕ್ಕೆ ಅಪ್ಪನೇ ಬಂದರು. ಸೊಟ್ಟ ಗದ್ದೆಯನ್ನು ಕಣ್ಣಲ್ಲೇ ತ್ರಿಕೋನಗಳಾಗಿ ಕತ್ತರಿಸಿ ಇಷ್ಟು ಗುಂಟೆ ಎಂದು ಹೇಳುತ್ತಿದ್ದರು. ನಾವು ಕಾಗದದ ಮೇಲೆ ಗುಣಿಸಿ ನೋಡಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. “ಸಂಗೀತ ಅಂದ್ಬುಟ್ಟು ನನ್ ಕೈಲೂ ಲೆಕ್ಕ ಮಾಡುಸ್ತಾವ್ರೆ,” ಎಂದು ಗೊಣಗುತ್ತಾ ಮತ್ತೆ ಬರುತ್ತಿದ್ದರು.

ಗಣಿತದಲ್ಲಿ ಅವಳಿಗೆ ಮೂವತ್ತೆಂಟು ಬಂತು. ಪಾಸಿಗೆ ಮೂವತ್ತೈದು ಸಾಕಿತ್ತು. ಆ ಮೂರು ಹೆಚ್ಚಿನ ಮಾರ್ಕ್ಸು ನನ್ನದು ಎಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಕಾಲೇಜಿನಲ್ಲಿ ಸಂಗೀತಕ್ಕೆ ಸೇರುವವರನ್ನು ಹಾಡಿಸಿ ಆರಿಸುತ್ತಿದ್ದರು. ಅಪ್ಪ, ಮಗಳು, ನಾನು ಮೂವರೂ ಮೈಸೂರಿಗೆ ಹೋದೆವು. ಅವಳನ್ನು ಒಳಗೆ ಕರೆದರು. ನಾವಿಬ್ಬರೂ ವರಾಂಡದ ಬೆಂಚಿನ ಮೇಲೆ ಕೂತೆವು. ಬಾಗಿಲು ಅರ್ಧ ತೆರೆದಿತ್ತು. ಆಗ ಹೊಸದಾಗಿ ಬಂದಿದ್ದ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಲೆಕ್ಚರರ್ ಒಬ್ಬರು ಹಾಕಿದರು. ಐದು ಮನೆ. ಅವಳು ಶುರುಮಾಡಿ ನಿಲ್ಲಿಸಿದಳು. ಐದೂವರೆಗೆ ಇಟ್ಟರು. ಮತ್ತೆ ಶುರುಮಾಡಿ ನಿಲ್ಲಿಸಿದಳು. “ಶ್ರುತಿಗೇ ಸೇರ್ತಿಲ್ವಲ್ಲಮ್ಮ,” ಎಂದದ್ದು ಕೇಳಿಸಿತು. ಮೂರು ವರ್ಷ, ಅಷ್ಟೂ ಗಣಿತ, ಮೇಷ್ಟ್ರು ಶನಿವಾರ ಶನಿವಾರ ಕೇಳಿದ ಪ್ರಶ್ನೆ, ಎಲ್ಲ ಆ ಬಾಗಿಲಿನ ಸಂದಿಯಲ್ಲಿ ನಿಂತಿತ್ತು.

ಆಮೇಲೆ ಅವಳ ದನಿ: “ಮೇಡಂ, ಈ ಚಿಕ್ ಬಿರಡೆ ನಾನು ತಿರುಗುಸ್ಲಾ?”

ಪೆಟ್ಟಿಗೆಯ ದನಿ ಮೆಲ್ಲಗೆ ಜಾರಿತು. ಕೆಳಗೆ, ಇನ್ನೊಂದು ಚೂರು ಕೆಳಗೆ. ನಿಂತಿತು. ನನ್ನ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡಿದ್ದ ಅಪ್ಪ ನೆಟ್ಟಗೆ ಕೂತರು.

“ನಮ್ ಮೋಟ್ರು ಕಣಮ್ಮಾರೆ,” ಅಂದರು.

ಒಳಗೆ ಅವಳು ಹಾಡಿದಳು. ಲೆಕ್ಚರರ್ ನಡುವೆ ನಿಲ್ಲಿಸಲಿಲ್ಲ.

ಆ ಕಾಲೇಜಿನ ಹಾಸ್ಟೆಲ್ಲಿನಲ್ಲೇ ಇದ್ದು ಅವಳು ಓದಿದಳು, ಆಮೇಲೆ ಡಿಗ್ರಿಗೂ ಸಂಗೀತವನ್ನೇ ತೆಗೆದುಕೊಂಡಳು. ದಶಕ ಮುಗಿಯುವ ಹೊತ್ತಿಗೆ ಯಜಮಾನರು ತೀರಿಕೊಂಡು, ನಾನು ಮನೆ ಮಾರಿ ಮೈಸೂರಿಗೆ ಹೊರಟೆ. ಹೊರಡುವ ದಿನ ಬೆಳಿಗ್ಗೆ ಹೇಳಿ ಹೋಗಲು ಗದ್ದೆಗೆ ಹೋದೆ. ಅವಳ ಅಪ್ಪ ಒಬ್ಬರೇ ಇದ್ದರು. ಬಾವಿಯ ಪಕ್ಕ ಹೊಸದಾಗಿ ಬೋರ್‌ವೆಲ್ ಕೊರೆಸಿ, ಬೇರೊಂದು ಮೋಟಾರನ್ನು ನೆಲದೊಳಗೇ ಇಳಿಸಿಬಿಟ್ಟಿದ್ದರು. ಪೈಪಿನಿಂದ ನೀರು ಬೀಳುತ್ತಿತ್ತು, ಬೇರೆ ಸದ್ದಿಲ್ಲ.

“ಹಳೇದೇನಾಯ್ತು?” ಅಂದೆ.

“ಗುಜ್ರಿಯೋನು ಬಂದು ಕೇಳ್ದ, ಕೊಡ್ನಿಲ್ಲ. ಮಗ್ಳು ರಜಕ್ಕೆ ಬಂದ್ರೆ ಒಂದ್ ಗಳಿಗೆ ಆಕಪ್ಪ ಅಂತಾಳೆ. ಕೇಳ್ತೀರಾ?”

ಶೆಡ್ಡಿನೊಳಗೆ ಹೋಗಿ ಸ್ವಿಚ್ಚು ಒತ್ತಿದರು. ಅದು ಒಮ್ಮೆ ಕೆಮ್ಮಿ, ಗುನುಗಲು ಶುರುಮಾಡಿತು. ನೀರಿಲ್ಲದ ಮೋಟಾರನ್ನು ಬಹಳ ಹೊತ್ತು ಓಡಿಸಬಾರದು. ಅವರು ಸ್ವಿಚ್ಚಿನ ಮೇಲಿಂದ ಕೈ ತೆಗೆಯದೆ, ಇನ್ನೊಂದು ಕೈಯನ್ನು ಅದರ ಬೆನ್ನ ಮೇಲಿಟ್ಟು, ನನ್ನ ಮುಖ ನೋಡುತ್ತಾ ನಿಂತಿದ್ದರು. ನಾನು ಅವರನ್ನು ಕಡೆಯದಾಗಿ ನೋಡಿದ್ದು ಹಾಗೆ.