ಮೇಲಿನ ಕೆರೆ, ಕೆಳಗಿನ ಕೆರೆ

ನನ್ನ ತವರು ಬ್ಯಾಡಗಿ. ನನ್ನ ಗಂಡನ ಅಣ್ಣನ ಹೆಂಡತಿಯ, ಅಂದರೆ ನನ್ನ ನೆಗೆಣ್ಣಿಯ ತವರು ಹಾವೇರಿ. ಇಬ್ಬರನ್ನೂ ಕೊಟ್ಟದ್ದು ರಾಣೆಬೆನ್ನೂರಿನ ಒಂದೇ ಮನೆಗೆ. ಅವಳು ಮೊದಲು ಬಂದಳು, ನಾನು ಹಿಂದಿನಿಂದ ಬಂದೆ. ಆಮೇಲೆ ಆ ಮನೆಯಲ್ಲಿ ನಡೆದದ್ದೆಲ್ಲ ಹಾಗೆಯೇ ನಡೆಯಿತು. ಹೊಸ ಸೀರೆ ಆರಿಸುವುದಕ್ಕೆ ಅವಳು ಮೊದಲು, ಅತ್ತೆಯವರ ಬಾಯಲ್ಲಿ ಅವಳ ಹೆಸರು ಮೊದಲು, ಹೋಳಿಗೆಯ ಹದ ನೋಡುವುದಕ್ಕೂ ಅವಳೇ ಮೊದಲು.

ಅದೆಲ್ಲ ಹೋಗಲಿ ಅಂದರೆ ಅವಳಿಗೆ ಹಾವೇರಿಯಲ್ಲೊಂದು ಕೆರೆ ಬೇರೆ ಇತ್ತು. ರೊಟ್ಟಿ ಬಡಿಯಲು ಕೂತರೆ ಸಾಕು, ಶುರು ಮಾಡುತ್ತಿದ್ದಳು.

"ನಮ್ಮ ಹೆಗ್ಗೇರಿ ನೋಡಿಯೇನ ತಂಗಿ ನೀನು? ಈ ದಂಡಿಗೆ ನಿಂತ್ರ ಆ ದಂಡಿ ಕಾಣಂಗಿಲ್ಲ."

ನಮ್ಮೂರ ಕೆರೆಯ ಈ ದಂಡೆಯಲ್ಲಿ ನಿಂತು ಸೀನಿದರೆ ಆ ದಂಡೆಯಲ್ಲಿ ಬಟ್ಟೆ ಒಗೆಯುವವರು 'ನೂರು ವರ್ಷ ಬಾಳು' ಎಂದು ಹರಸುತ್ತಿದ್ದರು. ಹಾಗೆಂದು ಅವಳ ಮುಂದೆ ಹೇಳುವುದುಂಟೆ? "ನಮ್ಮ ಕೆರಿ ನೀರಿನ ರುಚಿ ನಿಮಗೆಲ್ಲಿ ಗೊತ್ತೈತ್ರಿ ಅಕ್ಕಾರ" ಎಂದು ನಾನೂ ಬಿಡುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆಯುರಿಗೆ ಕೆರೆ ಒಂದು ನೆಪ. ಭಾವನವರು ನೀರಾವರಿ ಖಾತೆಯಲ್ಲಿ ಓವರ್‌ಸಿಯರ್ ಆಗಿದ್ದರು. ಸುತ್ತಲಿನ ಕೆರೆಗಳ ಏರಿ, ತೂಬು, ಕೋಡಿ ನೋಡುವುದು, ಮೂರು ಕಾಲಿನ ಮೇಲೆ ದುರ್ಬೀನು ನಿಲ್ಲಿಸಿ ಯಾವ ನೆಲ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವುದು ಅವರ ಕೆಲಸ. ಅಳೆದದ್ದನ್ನೆಲ್ಲ ಸಂಜೆ ಬಂದು ಹೆಂಡತಿಯ ಮುಂದೆ ಹೇಳುತ್ತಿದ್ದರು. ಅವಳು ಬಡಿಸುತ್ತ ಕೇಳುವಳು, ಅವರು ಉಣ್ಣುತ್ತ ಹೇಳುವರು, ನಡುನಡುವೆ ನಗು. ನಮ್ಮ ಮನೆಯವರಿಗೆ ಅರಳೆ ಅಂಗಡಿ. ದಿನವೆಲ್ಲ ದಲಾಲರೊಂದಿಗೆ ಮಾತಾಡಿ ಮಾತಾಡಿ ಮನೆಗೆ ಬರುವಷ್ಟರಲ್ಲಿ ಅವರ ಬಾಯಿ ಖಾಲಿಯಾಗಿರುತ್ತಿತ್ತು. ನನ್ನನ್ನು ಕರೆಯುತ್ತಿದ್ದದ್ದು 'ಏ' ಎಂದು. ಬೆಕ್ಕು ಹಾಲಿಗೆ ಬಾಯಿ ಹಾಕಿದರೂ 'ಏ' ಎಂದೇ ಗದರುತ್ತಿದ್ದರು. ಹಾಗಾಗಿ ಅವರು ಯಾವಾಗ 'ಏ' ಅಂದರೂ ನಾನೂ ಬೆಕ್ಕೂ ಇಬ್ಬರೂ ತಿರುಗಿ ನೋಡುತ್ತಿದ್ದೆವು.

ಒಮ್ಮೆ ಹಲಗೇರಿಯಲ್ಲಿ ಮುಕ್ಕಾಮು ಇದ್ದಾಗ ಭಾವನವರು ಅವಳನ್ನೂ ಚಕ್ಕಡಿಯಲ್ಲಿ ಕರೆದುಕೊಂಡು ಹೋದರು. ಬಂದವಳು ಬುತ್ತಿಯ ಗಂಟು ಬಿಚ್ಚುವ ಮೊದಲೇ ಹೇಳಿದಳು:

"ದುರ್ಬೀನಿನ್ಯಾಗ ನೋಡಿದ್ನಿ, ತಂಗಿ. ಎಲ್ಲಾ ತಲಿಕೆಳಗ ಕಾಣ್ತಾವ! ಕೆರಿ ಮ್ಯಾಲ, ಮುಗಲು ಕೆಳಗ. ಮಂದಿ ಕಾಲು ಮ್ಯಾಲ ಮಾಡಿ ನಡ್ಯಾಕತ್ತಿದ್ರು."

ನಾನು 'ಹೌದೇನ್ರಿ' ಅಂದೆ. ಆ ದಿನ ನಾನು ಬೇಯಿಸಿದ ರೊಟ್ಟಿಗಳಲ್ಲಿ ಸೀಯದೆ ಉಳಿದದ್ದು ಒಂದೂ ಇರಲಿಲ್ಲ.

ಅಷ್ಟರಲ್ಲಿ ನಾದಿನಿಯ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ಮುತ್ತೈದೆಯರು ಕೆರೆಗೆ ಹೋಗಿ, ಗಂಗೆಯನ್ನು ಪೂಜಿಸಿ, ಕೊಡಗಳಲ್ಲಿ ನೀರು ತರುವ ಪದ್ಧತಿ. ಮೊದಲ ಕೊಡ ಹೊತ್ತವಳು ವಾಲಗದವರ ಹಿಂದೆಯೇ ನಡೆಯುತ್ತಾಳೆ. ಬೀದಿಯ ಎರಡೂ ಬದಿಯ ಕಣ್ಣು ಅವಳ ಮೇಲೆ. ಆ ಮೊದಲ ಕೊಡ ನನಗೆ ಬೇಕಾಗಿತ್ತು. ಆಸೆ ಅಂದರೆ ಸಣ್ಣ ಮಾತಾದೀತು, ಅದಕ್ಕಾಗಿ ಜೀವ ಬಿಡುವಂತಾಗಿತ್ತು. ಹಿರಿಸೊಸೆ ಇದ್ದಾಗ ಕಿರಿಯವಳು ಕೇಳುವಂತಿಲ್ಲ. ಆದರೂ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ.

"ಎಲ್ಲಾದಕ್ಕೂ ಅಕ್ಕಾರ ಮುಂದ. ಇದೊಂದು ನನಗ ಬಿಡ್ರಿ ಅತ್ತಿ."

ನೆಗೆಣ್ಣಿ ನಕ್ಕಳು. "ಹೆಗ್ಗೇರಿ ನೀರು ಹೊತ್ತ ತಲಿ ಇದು. ಸಣ್ಣ ಕೆರಿಯವ್ರು ಹಿಂದ ಬರಬೇಕವ್ವಾ."

ಅಲ್ಲಿಂದ ಮಾತಿಗೆ ಮಾತು ಬೆಳೆದು ನಮ್ಮ ದನಿ ಪಡಸಾಲೆಯ ತನಕ ಹೋಯಿತು. ಅಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಮಾವನವರಿಗೆ ನಮ್ಮ ಕೆರೆಯ ಜಗಳ ಕೇಳಿ ಕೇಳಿ ಸಾಕಾಗಿತ್ತು. ಅಲ್ಲಿಂದಲೇ ಕೂಗಿ ಹೇಳಿದರು: "ಯಾರ ತವರಿನ ಕೆರಿ ಮ್ಯಾಲೈತೋ ಅಕಿ ಮೊದಲಿನ ಕೊಡಾ ಹೊರಲಿ. ಅಳತಿ ಮಾಡಾಂವ ಮನ್ಯಾಗ ಅದಾನ, ಕೇಳ್ರಿ."

ಮೇಲು ಅಂದರೆ ಶ್ರೇಷ್ಠ ಎಂದು ಮಾವನವರ ಮನಸ್ಸಿನಲ್ಲಿದ್ದದ್ದು. ನಮ್ಮೆಲ್ಲರ ಮನಸ್ಸಿನಲ್ಲೂ ಅದೇ. ಮೊದಲ ಕೊಡ ಹೋಯಿತು ಅಂದುಕೊಂಡೆ. ನೆಗೆಣ್ಣಿ ಆಗಲೇ ಸೆರಗು ಸರಿಮಾಡಿಕೊಂಡಳು. ಆದರೆ ಭಾವನವರ ಪಾಲಿಗೆ ಮೇಲು ಅಂದರೆ ಒಂದೇ ಅರ್ಥ. ಸಂಜೆ ಕೇಳಿದ ಕೂಡಲೇ ಹೇಳಿಬಿಟ್ಟರು:

"ಬ್ಯಾಡಗಿದ ಮ್ಯಾಲೈತಿ. ಹೆಗ್ಗೇರಿ ಭಾಳ ಕೆಳಗೈತಿ."

"ಎದಕಿಂತ ಮ್ಯಾಲೋ?" ಎಂದರು ಅತ್ತೆಯವರು.

"ಸಮುದ್ರಕಿಂತ, ಯವ್ವಾ. ಎಲ್ಲಾ ಎತ್ತರಾನೂ ಸಮುದ್ರದ ನೀರಿನ ಮಟ್ಟದಿಂದ ಲೆಕ್ಕಾ ಹಿಡೀತಾರ. ಹಾವೇರಿಯಿಂದ ಬ್ಯಾಡಗಿಗೆ ಬರೂಮುಂದ ರೈಲು ಏದುಸಿರು ಬಿಡ್ತೈತಿಲ್ಲೊ, ಏರು ಅದು."

"ನಮ್ಮನ್ಯಾಗ ಸಮುದ್ರ ನೋಡಿದವ್ರು ಯಾರದಾರ? ಅಲ್ಲಿಂದ ಇಲ್ಲಿತನಾ ಹಗ್ಗಾ ಹಿಡಕೊಂಡು ಯಾರು ಬಂದಿದ್ರು?" ಅತ್ತೆಯವರು ಬಿಡಲಿಲ್ಲ.

ಭಾವನವರು ಸುತ್ತ ನೋಡಿ ಗೋಡೆಯ ಗೂಡಿನತ್ತ ಕೈ ತೋರಿದರು. "ಈ ನೆಲಾನ ಸಮುದ್ರ ಅಂತ ತಿಳಕೊ. ಗ್ವಾಡಿ ಮಾಡದಾಗಿನ ಆ ಸಣ್ಣ ತಂಬಿಗಿ ಮ್ಯಾಲೈತಿ. ಕೆಳಗ ಕುಂತ ನೀರಿನ ಹಂಡೆ ಕೆಳಗೈತಿ. ಇಷ್ಟ."

ನಮ್ಮೂರ ಕೆರೆಯನ್ನು ತಂಬಿಗೆ ಮಾಡಿ, ಅವಳದನ್ನು ಹಂಡೆ ಮಾಡಿದ್ದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. 'ಮ್ಯಾಲೈತಿ' ಎಂಬ ಒಂದು ಮಾತು ಕಿವಿಗೆ ಬಿದ್ದಿತ್ತು, ಅಷ್ಟು ಸಾಕಾಗಿತ್ತು. ಮಾವನವರು ಆಡಿದ ಮಾತು ತಪ್ಪುವವರಲ್ಲ. ಮೊದಲ ಕೊಡ ನನ್ನದಾಯಿತು.

ನೆಗೆಣ್ಣಿ ಗಂಡನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದಳು. "ಹಂಗಾರ ನಾ ಕೆಳಗಿನ ಕೆರಿಯಾಕಿ ಆದ್ನೇನ್ರಿ?" ಅಳುತ್ತಾಳೆ ಎಂದು ಕಾದೆ. ಅವಳು ಅಳಲಿಲ್ಲ.

ಗಂಗೆ ತರುವ ದಿನ ಹಸಿರು ಸೀರೆಯುಟ್ಟು, ತಲೆಯ ಮೇಲೆ ಸಿಂಬೆಯಿಟ್ಟುಕೊಂಡು ಹೊರಟೆ. ಪೂಜೆ ಮುಗಿಯಿತು, ತುಂಬಿದ ಕೊಡ ತಲೆಗೇರಿತು. ಮುಂದೆ ವಾಲಗ, ಹಿಂದೆ ನಾನು, ನನ್ನ ಹಿಂದೆ ಅವಳು. ಏರಿಯ ಮೇಲೆ ಬರುವಾಗ ಮಂದಿ ನನ್ನನ್ನೇ ನೋಡುತ್ತಿದ್ದರು. ಒಳಗೊಳಗೇ ಹಿಗ್ಗಿದೆ. ಇಷ್ಟು ವರ್ಷದ ಉರಿಯೆಲ್ಲ ತಣ್ಣಗಾಯಿತು ಅಂದುಕೊಂಡೆ.

ಏರಿಯಿಂದ ಇಳಿಯುವಲ್ಲಿ ಕೆಸರಿತ್ತು. ಬದಿಯಲ್ಲಿ ಗಂಡಸರು ನಿಂತಿದ್ದರು, ಭಾವನವರೂ ಇದ್ದರು. ನಾನು ದಾಟಿದ ಮೇಲೆ ಬೆನ್ನ ಹಿಂದೆ ಅವರ ದನಿ ಸಣ್ಣಗೆ ಕೇಳಿಸಿತು.

"ಹುಷಾರಲೇ, ಕೆಳಗಿನ ಕೆರಿ. ಜಾರೀದಿ ಮತ್ತ."

"ಎಲ್ಲಾ ನೀರು ಕಡೀಕ ಕೆಳಗಿನ ಕೆರೀಗೇ ಬರ್ತೈತ್ರಿ. ನನಗ್ಯಾಕ ಚಿಂತಿ?" ಎಂದಳು ಅವಳು.

ಇಬ್ಬರೂ ನಕ್ಕರು. ಅವರ ಮುಖದಲ್ಲಿ ಏನಿತ್ತೆಂದು ನೋಡಬೇಕೆನ್ನಿಸಿತು. ತಲೆಯ ಮೇಲೆ ಮೊದಲ ಕೊಡ ಇತ್ತು. ಕತ್ತು ತಿರುಗಿಸುವಂತಿರಲಿಲ್ಲ.

ಅಂದಿನಿಂದ ಭಾವನವರು ಅವಳನ್ನು ಕರೆಯುವುದೇ ಹಾಗಾಯಿತು. ಹೊರಗಿನಿಂದ ಬಂದು ಚಪ್ಪಲಿ ಬಿಡುವಾಗ "ಕೆಳಗಿನ ಕೆರಿ, ಒಂದೀಟು ನೀರು" ಅನ್ನುವರು. ಅವಳು ಸಿಟ್ಟಾದರೆ, ಕೆರೆ ತುಂಬಿ ಹೊರಚೆಲ್ಲಿತೆಂಬಂತೆ, "ಕೋಡಿ ಬಿತ್ತು" ಅನ್ನುವರು. ಜಗತ್ತಿನಲ್ಲಿ ಬೇರೆ ಯಾವ ಹೆಂಗಸಿಗೂ ಇಲ್ಲದ ಹೆಸರು. ಅದನ್ನು ಅವಳಿಗೆ ದೊರಕಿಸಿಕೊಟ್ಟವಳು ನಾನು, ಹಟ ಹಿಡಿದು, ಜಗಳ ತೆಗೆದು. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮದುವೆಯ ನೆಂಟರೆಲ್ಲ ಹೋದ ಮೇಲೆ, ಒಂದು ಸಂಜೆ ನಮ್ಮ ಮನೆಯವರು ಊಟಕ್ಕೆ ಕೂತಿದ್ದರು. ನಾಚಿಕೆ ಬಿಟ್ಟು ಕೇಳಿದೆ.

"ನಮ್ಮೂರ ಕೆರಿ ಮ್ಯಾಲೈತಂತ. ಕೇಳಿದ್ರ್ಯೋ ಇಲ್ಲೋ?"

"ಹೂಂ" ಎಂದರು. ಎರಡು ತುತ್ತು ಉಂಡರು. ಇನ್ನೇನೋ ಹೇಳುತ್ತಾರೆಂದು ನಾನು ಸೌಟು ಹಿಡಿದುಕೊಂಡೇ ನಿಂತಿದ್ದೆ.

"ಏ" ಎಂದರು.

ನಾನೂ ಬೆಕ್ಕೂ ತಿರುಗಿ ನೋಡಿದೆವು.