ಎರಡು ಕಂಬ ನಡಿಗೆ, ಒಂದು ಕಂಬ ಓಟ

ಅವರ ಎರಡೂ ಮುಂಗೈಗಳ ಒಳಮೈ ಚರ್ಮ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಮೂವತ್ತೈದು ವರ್ಷ ಕರೆಂಟಿನ ಕಂಬಗಳನ್ನು ತಬ್ಬಿಕೊಂಡು ಏರಿದ ಗುರುತು ಅದು. ನಡೆಯುವಾಗಲೂ ಪಾದಗಳು ಒಳಕ್ಕೆ ತಿರುಗಿರುತ್ತಿದ್ದವು, ನಡುವೆ ಕಾಣದ ಕಂಬವೊಂದನ್ನು ಅವುಚಿ ಹಿಡಿದಂತೆ. ಸವದತ್ತಿಯ ನಮ್ಮ ಓಣಿಗೆಲ್ಲ ಅವರು ಲೈನ್‌ಮನ್ ಕಾಕಾ. ನಿವೃತ್ತರಾಗಿ ಹತ್ತು ವರ್ಷ ಕಳೆದಿದ್ದರೂ ಕರೆಂಟ್ ಹೋದರೆ ಜನ ಅವರ ಮನೆಯ ಕಡೆಗೇ ಮುಖ ಮಾಡಿ ಬೈಯುತ್ತಿದ್ದರು.

ಆಗ ನನಗೆ ನಲವತ್ತೇಳು ವರ್ಷ, ತೊಂಬತ್ತಾರು ಕಿಲೊ. ವಾರವೆಲ್ಲ ಪ್ರೌಢಶಾಲೆಯಲ್ಲಿ ಗುಮಾಸ್ತಿಕೆ. ರವಿವಾರ ಅಜ್ಜನ ಕಾಲದಿಂದ ನಡೆದುಬಂದ ಮನೆಗಳಲ್ಲಿ ಪೂಜೆ, ಆಮೇಲೆ ಊಟ. ಬಡಿಸುವವರಿಗೆ ಸಾಕು ಎನ್ನುವ ವಿದ್ಯೆ ನಮ್ಮ ಮನೆತನದಲ್ಲಿ ಯಾರಿಗೂ ಒಲಿದಿಲ್ಲ. ಹೀಗಿರುವಾಗ ಬೈಲಹೊಂಗಲದ ನನ್ನ ತಂಗಿಯ ಎರಡೂ ಕಿಡ್ನಿ ಕೆಟ್ಟವು. ಕೊಡಲು ನಾನು ಮುಂದಾದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಡಾಕ್ಟರರು, "ಎಲ್ಲಾ ಹೊಂದ್ತದ. ಹದಿನಾಲ್ಕು ಕಿಲೊ ಇಳಿಸಿಕೊಂಡು ಬರ್ರಿ, ಆಪರೇಷನ್ ಮಾಡೋಣ" ಎಂದರು. ತಂಗಿ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತ, ನನ್ನ ಹೊಟ್ಟೆ ಕರಗುವುದನ್ನು ಕಾಯತೊಡಗಿದಳು. ಮೊದಲೇ ನಾನು ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮರಳಿ ಬರುವ ಗಿರಾಕಿ. ಈಗ ಚಿಂತೆಗೆ ಮರ್ಯಾದಸ್ಥ ಕಾರಣವೊಂದು ಸಿಕ್ಕಿತು.

ಮೊದಲ ದಿನ ಬೆಳಿಗ್ಗೆ ಹೂಲಿ ರಸ್ತೆಯಲ್ಲಿ ನಾನು ಓಡುತ್ತಿದ್ದಾಗ ಕಾಕಾ ಹಿಂದಿನಿಂದ ನಡೆಯುತ್ತ ಬಂದು ನನ್ನನ್ನು ದಾಟಿದರು. ದಾಟಿದ ಮೇಲೆ ನಿಂತರು.

"ಆಚಾರ್ರ, ಯಾರರ ಬೆನ್ನ ಹತ್ಯಾರೇನ್ರಿ?"

ಏದುಸಿರಿನಲ್ಲೇ ಕಾರಣ ಹೇಳಿದೆ. ಅವರು ನಗಲಿಲ್ಲ. ರಸ್ತೆಯುದ್ದಕ್ಕೂ ನಿಂತ ಕಂಬಗಳತ್ತ ಕೈ ಮಾಡಿದರು.

"ಎರಡು ಕಂಬ ನಡೀರಿ, ಒಂದು ಕಂಬ ಓಡ್ರಿ. ಓಡುಮುಂದ ನನ್ನ ಜೋಡಿ ಮಾತಾಡಾಕ ಬರಬೇಕು. ಮಾತು ನಿಂತ್ರ ಓಟಾನೂ ನಿಲ್ಲಬೇಕು."

"ಇಷ್ಟು ಸಾವಕಾಶ ಆದ್ರ ಯಾವಾಗ ಇಳೀಬೇಕ್ರಿ ಕಾಕಾ?"

"ಕಂಬ ಏರಾಂವಗ ಮ್ಯಾಲ ಮುಟ್ಟಿದ ಮ್ಯಾಲೂ ಉಸಿರು ಉಳಿದಿರಬೇಕ್ರಿ. ಕೆಲಸ ಇರೋದ ಮ್ಯಾಲ."

ಮರುದಿನದಿಂದ ಐದೂವರೆಗೆ ನಮ್ಮ ಬಾಗಿಲಲ್ಲಿ ಒಂದು ಕೆಮ್ಮು. ಕರೆಯುವ ಪದ್ಧತಿ ಅವರಿಗಿರಲಿಲ್ಲ. ನಾನು ಓಡುವ ಕಂಬದಲ್ಲಿ ಅವರೂ ಪಕ್ಕದಲ್ಲಿ ಬಿರುಸಾಗಿ ಹೆಜ್ಜೆ ಹಾಕುತ್ತ ಪ್ರಶ್ನೆ ಕೇಳುವರು: ನಿನ್ನೆ ಏನು ಪಲ್ಯ, ಎಷ್ಟು ಭಕ್ರಿ. ಉತ್ತರ ತುಂಡಾದರೆ ತೋಳು ಹಿಡಿದು ನಿಲ್ಲಿಸುವರು. ಒಂದೊಂದು ಕಂಬವೂ ಅವರಿಗೆ ಬೀಗರ ಮನೆಯಿದ್ದಂತೆ. ಇದು ಗಾಳಿಗೆ ಎರಡು ಸಲ ಬಿದ್ದದ್ದು, ಇದರ ಮೇಲೆ ಕಾಗೆ ತಂತಿಚೂರಿನಿಂದಲೇ ಗೂಡು ಕಟ್ಟಿದ್ದು.

ಮೂರು ತಿಂಗಳಿಗೆ ತೂಕ ತೊಂಬತ್ತೊಂದಕ್ಕೆ ಬಂದು ಅಲ್ಲೇ ಕೂತುಬಿಟ್ಟಿತು. "ಅವಸರಿಲ್ಲ ಅಣ್ಣಾ" ಎಂದು ತಂಗಿ ಫೋನಿನಲ್ಲಿ ಹೇಳಿದ ಧ್ವನಿ ಕೇಳಿ ನಿದ್ದೆ ಬರಲಿಲ್ಲ. ಮರುದಿನ ಏಕಾದಶಿ. ನಮ್ಮ ಮನೆಯಲ್ಲಿ ಹನಿ ನೀರೂ ಇಲ್ಲದ ಉಪವಾಸ. ನನ್ನ ಗುಮಾಸ್ತ ಬುದ್ಧಿ ಲೆಕ್ಕ ಹಾಕಿತು: ಉಪವಾಸದ ಜೊತೆ ಓಟವನ್ನೂ ಸೇರಿಸಿದರೆ ಒಂದೇ ದಿನದಲ್ಲಿ ವಾರದ ಕೆಲಸವಾದೀತು. ಆ ಸಂಜೆ ಕಾಕಾನಿಗೆ ಹೇಳದೆ ಹೊರಟು, ನಡಿಗೆಯ ಕಂಬಗಳನ್ನೂ ಓಡಿಯೇ ದಾಟಿದೆ. ಒಂಬತ್ತನೆಯ ಕಂಬ ಎರಡಾಗಿ ಕಂಡಿತು.

ಕಣ್ಣು ಬಿಟ್ಟಾಗ, ಸಂಜೆಯ ತಿರುಗಾಟಕ್ಕೆ ಅದೇ ರಸ್ತೆಗೆ ಬಂದಿದ್ದ ಕಾಕಾ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನನ್ನ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡು, ಎಪ್ಪತ್ತರ ಆ ಮನುಷ್ಯ ಕಂಬಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ ನನ್ನನ್ನು ಮನೆ ಮುಟ್ಟಿಸಿದರು.

"ಪುಣ್ಯಾನೂ ಬೇಕು, ತೂಕಾನೂ ಇಳೀಬೇಕು ಇವರಿಗೆ" ಎಂದು ನನ್ನ ಹೆಂಡತಿ ಬಾಗಿಲಲ್ಲೇ ಶುರುಮಾಡಿದಳು.

"ಉಪವಾಸ ದೇವರಿಗೆ ಮಾಡ್ರಿ ಆಚಾರ್ರ" ಎಂದರು ಕಾಕಾ. "ತೂಕದ ಸಲುವಾಗಿ ಮಾಡಬ್ಯಾಡ್ರಿ. ಇನ್ನ ಏಕಾದಶಿಗೆ ನಮಗ ಸೂಟಿ."

ಎರಡು ದಿನ ಬಿಟ್ಟು ರಸ್ತೆಗೆ ಇಳಿದಾಗ ಅವರು ಸುಮ್ಮನೆ ಕೇಳಿದರು: "ಆಪರೇಷನ್ ಅಂದ್ರ ಅಂಜಿಕಿ ಐತೇನ್ರಿ?"

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ತೂಕ ಇಳಿಯದ ವಾರ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ನಾಚಿಕೊಂಡೇ ಏಕಾದಶಿಯ ದಿನ ಓಡಿದ್ದೆ. ತಂಗಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾಳೆ, ಇಲ್ಲಿ ಅಣ್ಣನ ಮನಸ್ಸು ಹೀಗೆ.

ಕಾಕಾ ಪಕ್ಕದ ಕಂಬವನ್ನು ಅಂಗೈಯಿಂದ ಒಮ್ಮೆ ತಟ್ಟಿದರು. ಆಮೇಲೆ, "ನನಗ ರಿಟೈರ್ ಆಗೋ ದಿನಾನೂ ಅಂಜಿಕಿ ಇತ್ರಿ" ಎಂದರು. "ನಮ್ಮ ಜೋಡಿ ಒಬ್ಬಾಂವ ಅಂಜತಿರಲಿಲ್ಲ. ಅವನ ಫೋಟೋಕ್ಕ ಮಾಲಿ ಹಾಕಿದಾಂವ ನಾನ. ಅಂಜಿಕೋತನ ಏರ್ರಿ. ನಡೀರಿ, ಓಡೋ ಕಂಬ ಬಂತು."

ಎಂಬತ್ತೆರಡಕ್ಕೆ ಇಳಿಯಲು ಹತ್ತು ತಿಂಗಳು ಹಿಡಿಯಿತು. ಹುಬ್ಬಳ್ಳಿಗೆ ಹೊರಟ ಬೆಳಿಗ್ಗೆ ಕಾಕಾ ಬಸ್ಸಿನ ಕಿಟಕಿಯ ತನಕ ಬಂದು, ನನ್ನ ಹೊಟ್ಟೆಯನ್ನು ನೋಡಿ, "ಉಸಿರು ಉಳದೈತಿ ಹೌದಲ್ರಿ?" ಎಂದಷ್ಟೇ ಕೇಳಿದರು. ನಾನು ಹೌದೆಂದೆ.

ನನ್ನ ಕಿಡ್ನಿ ತಂಗಿಗೆ ಒಗ್ಗಿತು. ಎರಡು ತಿಂಗಳು ಭಾರ ಎತ್ತಬಾರದೆಂದು ಕಟ್ಟಪ್ಪಣೆ ಮಾಡಿ ನನ್ನನ್ನು ಮನೆಗೆ ಕಳಿಸಿದರು. ಮೂರನೆಯ ವಾರ, ಒಬ್ಬರೇ ತಿರುಗಾಡಿ ಬಂದ ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಕೇಳಿದರಂತೆ. ಸೊಸೆ ಚಹಾ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಅವರನ್ನು ಎತ್ತುವಾಗ ನಾನೂ ಹೆಗಲು ಕೊಡಲು ಮುಂದೆ ಬಂದೆ. ಅವರ ಮಗನೇ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದ. "ನೀವು ಬ್ಯಾಡ್ರಿ ಆಚಾರ್ರ. ಅಪ್ಪ ಬೈತಾನ." ನನ್ನ ತೊಂಬತ್ತೊಂದು ಕಿಲೊ ಹೊತ್ತು ತಂದವರಿಗೆ ನಾಲ್ಕು ಹೆಜ್ಜೆ ಹೆಗಲು ಕೊಡಲೂ ಆಗಲಿಲ್ಲ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಅದೇ ಹೂಲಿ ರಸ್ತೆಯಲ್ಲಿ ಎಲ್ಲರಿಗಿಂತ ಹಿಂದೆ ನಡೆದೆ. ಎರಡು ಕಂಬ ದಾಟಿದಾಗ ಕಾಲು ತಾನಾಗಿಯೇ ಓಟಕ್ಕೆ ಸಿದ್ಧವಾಯಿತು. ತಡೆದುಕೊಂಡೆ.

ಈಗ ನನಗೆ ಐವತ್ತು. ದಣಿವು ಹಾಸಿಗೆಯಿಂದಲೇ ಶುರುವಾಗುತ್ತದೆ. ಇಳಿದ ತೂಕದಲ್ಲಿ ಮೂರು ಕಿಲೊ ದಾರಿ ಹುಡುಕಿಕೊಂಡು ಮರಳಿ ಬಂದಿದೆ. ಬಾಗಿಲಲ್ಲಿ ಕೆಮ್ಮಿಲ್ಲ. ಆದರೂ ಐದೂವರೆಗೆ ಹೊರಡುತ್ತೇನೆ, ಎರಡು ಕಂಬ ನಡೆಯುತ್ತೇನೆ. ಓಡುವ ಕಂಬದಲ್ಲಿ ಉಸಿರು ಉಳಿದಿದೆಯೋ ಇಲ್ಲವೋ ತಿಳಿಯಬೇಕಲ್ಲ, ಅದಕ್ಕೆ ಒಬ್ಬನೇ ಜೋರಾಗಿ ಮಾತಾಡುತ್ತೇನೆ. ಎದುರು ಬರುವ ಹಾಲಿನವರು ಸೈಕಲ್ ಬದಿಗೆ ತಿರುಗಿಸಿಕೊಂಡು ಹೋಗುತ್ತಾರೆ. ಹೆಚ್ಚಾಗಿ ತಂಗಿಯ ಸುದ್ದಿಯನ್ನೇ ಹೇಳುತ್ತಿರುತ್ತೇನೆ.