ದೊಡ್ಡಮ್ಮನ ಸ್ವರ ಇದ್ದ ಪೆನ್‌ಡ್ರೈವ್

ಕಾರ್ಕಳದ ದೊಡ್ಡಮ್ಮನಿಗೆ ನಮ್ಮ ಕುಟುಂಬದ ಏಳು ತಲೆಮಾರಿನ ಹೆಂಗಸರ ಹೆಸರು ಬಾಯಿಪಾಠ ಇತ್ತು. ನಮ್ಮಲ್ಲಿ ಮನೆತನ ಇಳಿದು ಬರುವುದು ಹೆಣ್ಣಿನ ಕಡೆಯಿಂದ. ಒಬ್ಬ ತಾಯಿಯ ಸಂತತಿಗೆ ಒಂದು ಕವರು ಎನ್ನುತ್ತೇವೆ. ಯಾವ ಕವರು ಯಾರಿಂದ ಹೊರಟಿತು, ಯಾರನ್ನು ಶಿರ್ವಕ್ಕೆ ಕೊಟ್ಟದ್ದು, ಯಾರು ಬಾಣಂತನದಲ್ಲಿ ತೀರಿಕೊಂಡದ್ದು, ಎಲ್ಲವನ್ನೂ ಅವರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಹೇಳುತ್ತಿದ್ದರು. ಮೂರು ವರ್ಷದ ಹಿಂದೆ ನಾನು ಫೋನನ್ನು ಹೂವಿನ ಬುಟ್ಟಿಗೆ ಒರಗಿಸಿಟ್ಟು ಒಂದು ಗಂಟೆ ರೆಕಾರ್ಡ್ ಮಾಡಿಕೊಂಡೆ. ಈಗ ಅವರಿಗೆ ಮರೆವು. ಸ್ವಂತ ಮಗಳನ್ನೇ ಒಮ್ಮೊಮ್ಮೆ ತಂಗಿ ಎಂದು ಕರೆಯುತ್ತಾರೆ. ಆ ಒಂದು ಗಂಟೆ ಬಿಟ್ಟರೆ ನಮಗೆ ಬೇರೆ ಆಧಾರ ಇಲ್ಲ.

ರೆಕಾರ್ಡಿಂಗ್ ಇದ್ದ ಪೆನ್‌ಡ್ರೈವ್ ಅಲೆವೂರಿನ ನಮ್ಮ ಮನೆಯಿಂದ ಕಾಪುವಿನ ಚಿಕ್ಕಮ್ಮನಲ್ಲಿಗೆ ಹೋಯಿತು. ಅವರ ಕವರಿನ ಫೋಟೋಗಳನ್ನು ಅದರಲ್ಲೇ ಸೇರಿಸಿಕೊಡುತ್ತೇನೆ ಎಂದಿದ್ದರು. ಹಲಸಿನ ಹಪ್ಪಳದ ಕಟ್ಟಿನೊಂದಿಗೆ ವಾಪಸ್ ಬಂದಾಗ ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಸಣ್ಣ ಬಾಣ. ಒಂದನ್ನು ಒತ್ತಿದೆ. ಲ್ಯಾಪ್‌ಟಾಪ್ ನಿಂತೇ ಹೋಯಿತು. ಚಿಕ್ಕಮ್ಮನಿಗೆ ಫೋನ್ ಮಾಡಿದರೆ, "ನಮ್ಮದರಲ್ಲೂ ಹಾಗೆ ಬಾಣ ಉಂಟು. ಚಂದಕ್ಕೆ ಅಂತ ಎಣಿಸಿದ್ದೆ ಮಾರಾಯ್ತಿ!" ಎಂದರು.

ವೈರಸ್ ಇರಬೇಕು ಎಂದು ಪೆನ್‌ಡ್ರೈವನ್ನು ಫೋನಿಗೆ ಸಿಕ್ಕಿಸಿ ಫಾರ್ಮ್ಯಾಟ್ ಮಾಡಿದೆ. ಪಾತ್ರೆ ತೊಳೆದಿಟ್ಟ ಹಾಗೆ ಖಾಲಿಯಾಯಿತು. ಹೆದರಿಕೆ ಇರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪ್ರತಿ ಇದ್ದೇ ಇದೆ ಎಂಬ ಧೈರ್ಯ. ನಾದಿನಿಯ ಸೀಮಂತದ ಫೋಟೋಗಳನ್ನು ಫೋನಿನಿಂದ ಅದಕ್ಕೆ ತುಂಬಿಸಿ ಅಂಬಲಪಾಡಿಯ ಸ್ಟುಡಿಯೋಕ್ಕೆ ಪ್ರಿಂಟಿಗೆ ಕೊಟ್ಟು ಬಂದೆ. ಸಂಜೆ ಲ್ಯಾಪ್‌ಟಾಪ್ ಮತ್ತೆ ಎದ್ದಾಗ ಹುಡುಕಿದೆ. ಇರಲಿಲ್ಲ. ಆಗ ನೆನಪಾಯಿತು, ಅಳಿಸಿದವಳು ನಾನೇ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು, ಒಂದು ವಸ್ತುವಿಗೆ ಒಂದೇ ಜಾಗ. ನನ್ನ ಕಪಾಟಿನಲ್ಲಿ ಇವತ್ತಿಗೂ ಕರವಸ್ತ್ರಗಳ ಅಂಚು ಒಂದೇ ಗೆರೆಯಲ್ಲಿರುತ್ತದೆ. ಒಂದೇ ಫೈಲು ಎರಡು ಕಡೆ ಕಂಡರೆ ನನಗೆ ಕಸದ ಹಾಗೆ. ಪೆನ್‌ಡ್ರೈವಿಗೆ ಹಾಕಿದ ದಿನವೇ ಫೋನಿನದ್ದನ್ನೂ ಲ್ಯಾಪ್‌ಟಾಪಿನದ್ದನ್ನೂ ಗುಡಿಸಿ ಹಾಕಿದ್ದೆ.

ಮಣಿಪಾಲದಲ್ಲಿ ಒಂದು ಟೈಲರ್ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆ. ನಲವತ್ತರ ಆಸುಪಾಸು. ಸ್ಟುಡಿಯೋದಿಂದ ವಾಪಸ್ ತಂದ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಅವರ ಮುಂದಿಟ್ಟೆ. ಕೆಲಸಕ್ಕೆ ಕೂರುವ ಮೊದಲು ಅವರು ಬಳೆ ತೆಗೆದು ಹಳದಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು.

"ಫಾರ್ಮ್ಯಾಟ್ ಮಾಡಿದ ಮೇಲೆ ಇದಕ್ಕೆ ಎಂತಾದರೂ ಹಾಕಿದಿರಾ ಮೇಡಂ?"

"ಸೀಮಂತದ ಫೋಟೋ. ಸ್ವಲ್ಪವೇ."

"ಸ್ವಲ್ಪ ಅಂದ್ರೆ?"

"ಇನ್ನೂರು."

ಅವರು ನಗಲಿಲ್ಲ. "ಹೊಸತು ಕೂತ ಜಾಗದಲ್ಲಿ ಹಳೆಯದು ಹೋಗಿರ್ತದೆ. ಉಳಿದದ್ದು ಒಳಗೇ ಉಂಟು, ಯಾವುದು ಎಲ್ಲಿ ಎಂಬ ಪಟ್ಟಿ ಮಾತ್ರ ಅಳಿಸಿದ್ದು. ವೈರಸ್ ನಿಮ್ಮ ಫೈಲನ್ನು ಅಡಗಿಸಿಟ್ಟು ಎದುರಿಗೆ ಬಾಣ ಇಟ್ಟಿತ್ತು, ಅಷ್ಟೆ. ಅಳಿಸಿದ್ದು ಅದಲ್ಲ."

"ನಾನು."

"ನಾನು ಹಾಗೆ ಹೇಳಲಿಲ್ಲ ಅಕ್ಕ."

ಮೇಡಂ ಹೋಗಿ ಅಕ್ಕ ಆದದ್ದು ಆಗಲೇ.

ಪೆನ್‌ಡ್ರೈವನ್ನು ಅವರು ತಮ್ಮ ದೊಡ್ಡ ಕಂಪ್ಯೂಟರಿಗೆ ಹಾಕಲಿಲ್ಲ. ಇಂಟರ್‌ನೆಟ್ ಇಲ್ಲದ ಒಂದು ಹಳೆಯ ಲ್ಯಾಪ್‌ಟಾಪ್ ಇಂಥ ಕೆಲಸಕ್ಕೆಂದೇ ಇತ್ತು. ಮೊದಲು ಇಡೀ ಪೆನ್‌ಡ್ರೈವಿನ ನಕಲು ತೆಗೆದು, ಮೂಲವನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಪೆನ್ಸಿಲಿನಲ್ಲಿ 'ಮುಟ್ಟಬಾರದು' ಎಂದು ಬರೆದರು. ಹುಡುಕುವುದೆಲ್ಲ ನಕಲಿನಲ್ಲಿ. ತಪ್ಪಿದರೆ ಮತ್ತೊಂದು ನಕಲು. ಅಷ್ಟು ನಿಧಾನವಾಗಿ, ಅಷ್ಟು ಮರ್ಯಾದೆಯಿಂದ ಒಬ್ಬರು ಇನ್ನೊಬ್ಬರ ವಸ್ತುವನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ.

ಮೂರನೆಯ ದಿನ ಕರೆದರು. ನನಗೆ ಸರಿಯಾಗಿ ಕೇಳಲಿ ಎಂದು ಫ್ಯಾನ್ ನಿಲ್ಲಿಸಿದರು. ಕೆಳಗಿನ ಹೊಲಿಗೆ ಯಂತ್ರದ ಸದ್ದಿನ ಮೇಲೆ ದೊಡ್ಡಮ್ಮನ ಸ್ವರ ಎದ್ದಿತು, ನಡುವೆ ಅವರ ಅಂಗಳದ ಕಾಗೆಯೂ. ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಸಿಕ್ಕಿತ್ತು. ಕೊನೆಯ ಭಾಗ ಸೀಮಂತದ ಫೋಟೋಗಳ ಅಡಿಯಲ್ಲಿ ಹೋಗಿತ್ತು. ಎಷ್ಟನೆಯ ನಿಮಿಷದಲ್ಲಿ ಸ್ವರ ಒಡೆಯುತ್ತದೆ ಎಂದು ಅವರು ಚೀಟಿಯಲ್ಲಿ ಬರೆದಿಟ್ಟಿದ್ದರು. ಅಂದರೆ ಪೂರ್ತಿ ಕೂತು ಕೇಳಿದ್ದಾರೆ.

"ಆ ನಾಲ್ಕನೇ ತಲೆಮಾರಿನ ಅಜ್ಜಿ ಭಾರೀ ಜೋರಲ್ವಾ? ಅತ್ತೆಯ ಹತ್ತಿರ ಬೀಗದ ಕೈ ಕಿತ್ಕೊಂಡದ್ದು!"

ನಾವಿಬ್ಬರೂ ನಕ್ಕೆವು. ನನಗೆ ಅಳುವೂ ಬಂತು. ಅವರು ಅದನ್ನು ನೋಡದವರ ಹಾಗೆ ಬಳೆ ತೊಟ್ಟುಕೊಂಡರು.

ಲ್ಯಾಪ್‌ಟಾಪಿನ ವೈರಸ್ಸನ್ನೂ ತೆಗೆದುಕೊಟ್ಟು ಹೇಳಿದರು, "ಮೂರು ಪ್ರತಿ ಇಡಿ. ಒಂದು ಮನೆಯಲ್ಲಿ, ಒಂದು ಬೇರೆ ಊರಲ್ಲಿ, ಒಂದು ನೆಟ್ಟಿನಲ್ಲಿ. ಹೊರಗಿಂದ ಬಂದ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ."

"ಚಿಕ್ಕಮ್ಮನದ್ದನ್ನೂ?"

"ಚಿಕ್ಕಮ್ಮನದ್ದನ್ನೇ ಮೊದಲು!"

ಬೇರೆ ಊರಿನ ಪ್ರತಿಯನ್ನು ಕಾರ್ಕಳಕ್ಕೆ ನಾನೇ ಒಯ್ದೆ. ಸಣ್ಣ ಸ್ಪೀಕರ್ ತೆಗೆದುಕೊಂಡು ಹೋಗಿ ದೊಡ್ಡಮ್ಮನ ಮಂಚದ ಪಕ್ಕ ಇಟ್ಟೆ. ಅವರು ಕತ್ತು ಓರೆ ಮಾಡಿ ಕೇಳಿದರು.

"ಇದು ಯಾರು ಮಾತಾಡುವುದು?"

"ಗೊತ್ತಾಗ್ಲಿಲ್ವಾ ದೊಡ್ಡಮ್ಮ?"

"ಯಾರೇ ಇರಲಿ, ಸರಿಯಾಗಿ ಹೇಳ್ತಾಳೆ. ನಮ್ಮ ಮನೆಯವಳೇ."

ನಲವತ್ತು ನಿಮಿಷ ಅಲುಗಾಡದೆ ಕೂತರು. ಆರನೆಯ ತಲೆಮಾರಿನ ಆರಂಭದಲ್ಲಿ ಸ್ವರ ಕರಕರ ಎಂದು ನಿಂತಿತು. ಅವರು ಕಾದರು. "ಎಂತ, ಸುಸ್ತಾಯ್ತಾ ಅವಳಿಗೆ?" ಎಂದು ಸಿಡುಕಿ, ತಾವೇ ಒಂದು ಹೆಸರು ಹೇಳಿದರು. ಮತ್ತೊಂದು ಹೇಳಿದರು. ನಾನು ಗಡಿಬಿಡಿಯಲ್ಲಿ ಬರೆದುಕೊಂಡೆ. ಮೂರನೆಯದಕ್ಕೆ ಬಾಯಿ ತೆರೆದು, ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಸ್ಪೀಕರಿನ ಕಡೆ ಕೈ ತೋರಿಸಿದರು.

"ಅವಳನ್ನು ಕೇಳು. ಅವಳಿಗೆ ಎಲ್ಲ ಗೊತ್ತುಂಟು."